ಕಣದ ಮೇಲೆ ನೆರಳು

ಕಾಫಿ ಕುಯ್ಲಿನ ನಡುವೆ ಕೋಟೆಬೆಟ್ಟ ಹತ್ತುವುದೆಂದರೆ ಮನೆಯವರಿಂದ ಬೈಸಿಕೊಳ್ಳುವ ಕೆಲಸವೇ. ಆದರೂ ಶರ್ಮಿಳಾ ಹಟ ಹಿಡಿದು ತನ್ನ ಅಣ್ಣ ಕೀರ್ತಿಕುಮಾರನ ಜೀಪು ಹೊರಡಿಸಿದ್ದು ಗೆಳತಿ ಚಂದನಾಳಿಗಾಗಿ. ಮರುದಿನ ಕೀರ್ತಿಯ ಗೆಳೆಯ ಪ್ರಸಾದನಿಗೆ ಹೆಣ್ಣು ನೋಡಲು ಅವನ ಮನೆಯವರು ಸಕಲೇಶಪುರದ ಕಡೆ ಹೊರಟಿದ್ದರು. ಹೈಸ್ಕೂಲಿನ ದಿನಗಳಿಂದ ಚಂದನಾಳ ಎದೆಯಲ್ಲೇ ಕೂತಿದ್ದ ಮಾತು ಅವನ ಕಿವಿಗೆ ಬೀಳಬೇಕಾದರೆ ಉಳಿದಿದ್ದು ಇವತ್ತೊಂದೇ ದಿನ.

"ಇವತ್ತು ಬಾಯಿ ಬಿಡ್ಲಿಲ್ವಾ, ಅವ್ನ ಮದ್ವೆ ಊಟಕ್ಕೆ ಮೊದಲ್ನೇ ಪಂಕ್ತೀಲಿ ಕೂತ್ಕೊ," ಎಂದು ಶರ್ಮಿಳಾ ಜೀಪಿನ ಹಿಂದಿನ ಸೀಟಿನಲ್ಲೇ ಪಿಸುಗುಟ್ಟಿ ಅವಳ ತೊಡೆ ಚಿವುಟಿದ್ದಳು.

ಬೆಟ್ಟದ ಬುಡದಲ್ಲಿ ಇನ್ನೂ ಇಬ್ಬನಿ ಆರಿರಲಿಲ್ಲ. ಕೀರ್ತಿ ರೊಟ್ಟಿಯ ಚೀಲವನ್ನು ಪ್ರಸಾದನ ಹೆಗಲಿಗೆ ಹಾಕಿದ. "ಹೊರೋ ಮದುವಣಿಗ, ಅಭ್ಯಾಸ ಮಾಡ್ಕೊ."

"ಇನ್ನೂ ನೋಡೇ ಇಲ್ಲ ಕಣೋ, ಸುಮ್ನಿರು ಮಾರಾಯ."

ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲಿನ ಇಳಿಜಾರು ಕಾಲಿಗೆ ಜಾರುತ್ತಿತ್ತು. ಕಡಿದಾದ ಒಂದು ಕಡೆ ಪ್ರಸಾದ್ ಹಿಂದೆ ತಿರುಗಿ ಕೈ ಚಾಚಿದ. "ಬೇಡ, ನಾನೇ ಬತ್ತೀನಿ," ಎಂದುಬಿಟ್ಟಳು ಚಂದನಾ. ಬಾಯಿ ತನ್ನಷ್ಟಕ್ಕೆ ತಾನೇ ಆಡಿದ ಮಾತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಮುಂದೆ ನಡೆದ. ಆ ಖಾಲಿ ಕೈ ಅವನ ಪಕ್ಕದಲ್ಲಿ ತೂಗಾಡುತ್ತಿದ್ದುದನ್ನೇ ನೋಡುತ್ತಾ ಅವಳು ಉಳಿದ ದಾರಿಯನ್ನು ಹತ್ತಿದಳು.

ನೆತ್ತಿಯಲ್ಲಿ ಈಶ್ವರನಿಗೆ ಕೈ ಮುಗಿದು, ಬಂಡೆಯ ಮೇಲೆ ಕೂತು ರೊಟ್ಟಿ ತಿಂದರು. ಆಮೇಲೆ ಶರ್ಮಿಳಾ ಎದ್ದು, "ಅಣ್ಣ, ಆಚೆ ಕೊಳ ತೋರ್ಸು ಬಾ," ಎಂದಳು.

"ನೀನು ನೋಡ್ದೇ ಇರೋ ಕೊಳ ಯಾವ್ದೇ ಅದು?"

"ಬಾ ಅಂದ್ರೆ ಬರಬೇಕು!" ಎಂದು ಅವನ ತೋಳು ಹಿಡಿದು ಎಳೆದುಕೊಂಡೇ ಹೋದಳು.

ಇಬ್ಬರೇ ಉಳಿದರು. ಕೆಳಗೆ ತೋಟಗಳ ದಟ್ಟ ಹಸಿರು. ನಡುವೆ ಅಂಗೈಯಗಲದ ಕೆಂಗಂದು ಚೌಕ. ಅದು ಪ್ರಸಾದನ ಮನೆಯ ಕಣ, ಹಣ್ಣು ಕಾಫಿ ಒಣಗಲು ಹರಡಿದ್ದು. ಎಷ್ಟು ಸಲ ಚಂದನಾ ಮನಸ್ಸಿನಲ್ಲೇ ಆ ಕಣಕ್ಕೆ ಇಳಿದು, ಸೆರಗು ಸಿಕ್ಕಿಸಿ, ಮರದ ಹಲಗೆಯಿಂದ ಕಾಫಿ ಕೆದಕಿರಲಿಲ್ಲ!

"ಯಾಕೆ ಚಂದನಾ, ಬೆಳಗ್ಗಿಂದ ಸಪ್ಪಗಿದೀಯ?"

"ಪ್ರಸಾದ್, ನಾನು ನಿಂಗೆ..."

ಅಷ್ಟರಲ್ಲಿ ಕೆಳಗಿನ ಚೌಕ ಕಪ್ಪಾಯಿತು. ಪಡುವಣದಿಂದ ಬಂದ ಮೋಡದ ನೆರಳು ಕಣದ ಮೇಲೆ ಕೂತಿತ್ತು. ಹುಟ್ಟಿದಾಗಿನಿಂದ ಕಾಫಿಯ ಮನೆಯಲ್ಲಿ ಬೆಳೆದ ಹುಡುಗಿ, ಎದೆಯ ಮಾತು ಎಲ್ಲಿತ್ತೋ ಅಲ್ಲೇ ಬಿಟ್ಟು ಕೂಗಿದಳು: "ಮೋಡ! ನಿಮ್ ಕಣ ನೋಡು, ಕಾಫಿ ಹರವಿದೆ!"

ಪ್ರಸಾದ್ ದಡಕ್ಕನೆ ಎದ್ದ. ಭಾನುವಾರ, ಆಳುಗಳಿಲ್ಲ. ಅಪ್ಪ ಊರಲ್ಲಿರಲಿಲ್ಲ. ಮಂಡಿನೋವಿನ ಅಮ್ಮ ಒಬ್ಬರೇ. ಫೋನಿಗೆ ಸಿಗ್ನಲ್ಲೂ ಸಿಗಲಿಲ್ಲ. ನೆಂದರೆ ಕಾಫಿಗೆ ಬೂಸ್ಟು ಗ್ಯಾರಂಟಿ. "ಕೀರ್ತೀ!" ಎಂದು ಕೂಗುತ್ತಾ ಓಡಿದ.

ಬೆಟ್ಟ ಇಳಿಯುವಾಗ ಶರ್ಮಿಳಾ ಏದುಸಿರಲ್ಲೇ ಪಿಸುಗುಟ್ಟಿದಳು. "ಹೇಳ್ದ್ಯಾ?"

"ಮೋಡ ಬಂತು ಅಂದೆ."

"ಅಯ್ಯೋ ನಿನ್ನ! ನೀನೇನು ಹವಾಮಾನ ಇಲಾಖೆನಾ?"

ಜೀಪು ಅಂಗಳ ಮುಟ್ಟಿದಾಗ ಪ್ರಸಾದನ ತಾಯಿ ಸರ್ವಮಂಗಳಮ್ಮ ಕುಂಟುತ್ತಾ ಒಬ್ಬರೇ ಕಾಫಿ ಗೋರುತ್ತಿದ್ದರು. ನಾಲ್ವರೂ ಸೇರಿ ರಾಶಿ ಮಾಡಿ ಟಾರ್ಪಾಲು ಎಳೆದರು. ಒಂದು ಹನಿಯೂ ಬೀಳಲಿಲ್ಲ. ಮೋಡ ಹಾಗೇ ಮೂಡಣಕ್ಕೆ ಜಾರಿ ಹೋಯಿತು. ಮೋಡ ಮೊದಲು ಕಂಡದ್ದು ಚಂದನಾಳಿಗೆ ಎಂದು ಪ್ರಸಾದ್ ತಾಯಿಗೆ ಹೇಳಿದ.

"ಬೀಳದಿದ್ರೇನಂತೆ, ಬೆಟ್ಟದ ಮೇಲಿಂದ ನಮ್ ಕಣ ಕಾದಳಲ್ಲ ಈ ಮಗು," ಎಂದು ಸರ್ವಮಂಗಳಮ್ಮ ಚಂದನಾಳ ಗಲ್ಲ ಮುಟ್ಟಿದರು. "ನಾಳೆ ನೋಡೋ ಹುಡ್ಗೀಗೂ ಇಷ್ಟು ಕಾಳಜಿ ಇದ್ರೆ ಸಾಕಪ್ಪ." ಕಾಫಿ ಇಡಲು ಒಳಗೆ ಹೋದರು.

ಶರ್ಮಿಳಾ, ಕೀರ್ತಿ ಕೈ ತೊಳೆಯಲು ನಲ್ಲಿಯ ಬಳಿ ನಿಂತಿದ್ದರು. ಪ್ರಸಾದ್ ಟಾರ್ಪಾಲಿನ ಅಂಚಿಗೆ ಕಲ್ಲು ಹೇರುತ್ತಾ, ತಲೆ ಎತ್ತದೆ ಕೇಳಿದ. "ಬೆಟ್ಟದ ಮೇಲೆ ನೀನು ಏನೋ ಹೇಳಕ್ಕೆ ಹೊರಟಿದ್ದೆ."

"ಹೇಳಿದ್ನಲ್ಲ."

"ಮೋಡದ್ದಾ?"

"ಹ್ಞೂಂ."

"ಅಷ್ಟೇನಾ?" ಅವನ ಕೈ ಕಲ್ಲಿನ ಮೇಲೇ ನಿಂತಿತು.

ಚಂದನಾ ಅವನತ್ತ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಒಳಗಿನಿಂದ, "ಚಂದನಾ, ಕಾಫಿಗೆ ಬೆಲ್ಲ ಆಗ್ತದೇನೇ?" ಎಂಬ ದನಿ.

"ಆಗ್ತದೆ ಅಮ್ಮ," ಎಂದಳು, ಗಟ್ಟಿಯಾಗಿ.

ತಿರುಗಿ ನೋಡಿದರೆ ಪ್ರಸಾದ್ ಆ ಕೊನೆಯ ಮೂಲೆಗೆ ಹೋಗಿ ಬಗ್ಗಿದ್ದ. ಗಾಳಿಗೆ ಟಾರ್ಪಾಲು ಪಟಪಟ ಬಡಿಯುತ್ತಿತ್ತು. ಅವಳು ಒಂದು ಕಲ್ಲೆತ್ತಿಕೊಂಡು ಅವನ ಹಿಂದೆ ಹೋದಳು.