ಅತ್ತೆಯ ಗುಳಿಗೆ ಡಬ್ಬಿ

ನಮ್ಮತ್ತೆ ಅಶ್ವತ್ಥಮ್ಮನಿಗೆ ದೇವರ ತೀರ್ಥದ ಮೇಲೂ ಅನುಮಾನ. ಮುಟ್ಟು ನಿಂತ ಮೇಲೆ ಎರಡು ವರ್ಷ ಅವರ ಸೀರೆ ರಾತ್ರಿಯೆಲ್ಲ ಬೆವರಿನಲ್ಲಿ ತೊಯ್ಯುತ್ತಿತ್ತು. ತಾಯಲೂರಿನ ನಾಟಿ ವೈದ್ಯರ ಕಷಾಯದಿಂದ ಏನೂ ಆಗಲಿಲ್ಲ. ಎರಡನೇ ಮಹಾಯುದ್ಧದ ಆ ವರ್ಷ ನಾನು ಕೋಲಾರದ ಲೇಡಿ ಡಾಕ್ಟರನ್ನು ಕಾಡಿ ಬೇಡಿ, ಹೊಸದಾಗಿ ಬಂದಿದ್ದ ಹಾರ್ಮೋನ್ ಗುಳಿಗೆಯ ಡಬ್ಬಿ ತಂದೆ.

“ನಂಗೆ ಮದ್ದಿಟ್ಟು ಸಾಯಿಸೋಕೆ ನೋಡ್ತಿದ್ದೀಯೇನೇ ಭಾರತಿ? ಮೊದಲು ನೀನು ನುಂಗು” ಎಂದರು.

ನುಂಗಿದೆ. ಸಂಜೆಯವರೆಗೂ ನಾನು ಸಾಯುತ್ತೇನೋ ಎಂದು ಕಾದು ನೋಡಿ, ಆಮೇಲೆ ತಾವೂ ನುಂಗಿದರು.

ಹದಿನೈದು ದಿನದಲ್ಲಿ ಬೆವರು ನಿಂತಿತು. ಆದರೆ ತಿಂಗಳು ತುಂಬುವಷ್ಟರಲ್ಲಿ ಮುಟ್ಟು ಮತ್ತೆ ಬಂತು.

“ನಾನ್ ಹೇಳ್ಲಿಲ್ವಾ, ಇದ್ರಲ್ಲೇನೋ ಐತೆ ಅಂತ!” ಎಂದು ಕೂಗಾಡಿದರು.

ಮುಟ್ಟಾದವರು ರೇಷ್ಮೆ ಹುಳುವಿನ ಕೋಣೆಗೆ ಕಾಲಿಡುವಂತಿಲ್ಲ. ಎರಡು ವರ್ಷದಿಂದ ಒಂದು ದಿನವೂ ಬಿಡುವಿಲ್ಲದೆ ಹುಳುಗಳಿಗೆ ಸೊಪ್ಪು ಹಾಕಿದ್ದ ಅತ್ತೆ, ಮೂರು ದಿನ ಜಗಲಿಯಲ್ಲಿ ಕಾಲು ಚಾಚಿ ಮಲಗಿದರು. ಸೊಪ್ಪು ಹೆಚ್ಚಿ ಹೆಚ್ಚಿ ಮಾವ ಕದಿರಪ್ಪನ ಕೈಯಲ್ಲಿ ಬೊಬ್ಬೆ ಎದ್ದಿತು.

ನಾಲ್ಕನೆಯ ದಿನ ಮಾವ, “ಆ ಹಾಳು ಗುಳಿಗೇನ ಬಾವಿಗೆ ಎಸಿ” ಎಂದು ಗುಡುಗಿದರು.

ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಬಿಗಿಯಾಗಿ ಗಂಟು ಹಾಕಿಕೊಂಡರು. “ಎಸೆಯೋಕೆ ಯಾಕಿಷ್ಟು ಆತುರ? ನಂಗೀಗ ನಿಮ್ಮ ಮೇಲೇ ಅನುಮಾನ.”