ಆವಿಗೆ ಆರುವವರೆಗೆ

ಸೋಮಮ್ಮ ಮಡಕೆ ಸುಡುವ ಆವಿಗೆಯ ಮೇಲಿನ ಬೂದಿಯನ್ನು ಬದಿಗೆ ಸರಿಸಿ ಅಂಗೈ ಒತ್ತಿದಳು. ಸುಟ್ಟಂತಾಗಿ ಹಿಂದಕ್ಕೆಳೆದುಕೊಂಡಳು.

"ಇನ್ನೂ ಆರಿಲ್ಲ," ಎಂದಳು.

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಮೈದುನ ಕರಿಯಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. ಮುಂದಿನ ಜಗಲಿಯ ಮೇಲೆ ಅವಳ ಗಂಡ ನರಸಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಿನ್ನೆ ಸಂಜೆ ಮಡಕೆ ಸುಟ್ಟು ಮುಗಿಸಿ, ಆವಿಗೆಯ ಬಾಯಿ ಮುಚ್ಚಿ, ಕೈ ತೊಳೆದು ಮಲಗಿದವನು ಬೆಳಗ್ಗೆ ಏಳಲಿಲ್ಲ.

"ಅತ್ಗೆ, ಗುಂಡಿ ತೋಡಿ ಆಯ್ತು. ಜನ ಹಸ್ಕೊಂಡು ಕೂತವ್ರೆ. ಒಂದು ಮಡಕೆಗೋಸ್ಕರ ಹೆಣ ಕಾಯಿಸ್ತಾರಾ?"

"ಮಡಕೆ ಇಲ್ದೆ ಎಂಗಪ್ಪ ಕಳಿಸ್ತೀಯ?"

ಮಣ್ಣು ಮಾಡುವಾಗ ಮಗನಾದವನು ಹೊಸ ಮಡಕೆಯಲ್ಲಿ ನೀರು ಹೊತ್ತು ಸುತ್ತು ಬಂದು ಅದನ್ನು ಒಡೆಯಬೇಕು. ಸುತ್ತಲ ಹಳ್ಳಿಗಳಿಗೆಲ್ಲ ಆ ಮಡಕೆ ಹೋಗುತ್ತಿದ್ದುದು ಇದೇ ಮನೆಯಿಂದ. ಇವತ್ತು ಇಲ್ಲಿ ಒಂದೂ ಇರಲಿಲ್ಲ. ಹಳೆಯವು ಕಿಕ್ಕೇರಿ ಸಂತೆಯಲ್ಲಿ ಮಾರಿಹೋಗಿದ್ದವು, ಹೊಸವು ಆವಿಗೆಯೊಳಗಿದ್ದವು.

"ಪೇಟೆಗೆ ಬೈಕ್ ಕಳಿಸ್ತೀನಿ. ಅಂಗ್ಡೀಲಿ ಸಿಗ್ತದೆ."

"ಕುಂಬಾರನ ಸಾವಿಗೆ ಅಂಗ್ಡಿ ಮಡಕೆಯ? ನಿಮ್ಮಣ್ಣ ಎದ್ದು ಕೂತ್ಕತಾರೆ."

"ಈಗ್ಲೂ ಕೂತೇ ಅವ್ನಲ್ಲ ಅತ್ಗೆ." ಅಂದುಬಿಟ್ಟು ಕರಿಯಪ್ಪ ತುಟಿ ಕಚ್ಚಿಕೊಂಡ. "ಅಂಗಾರೆ ಈಗ್ಲೇ ಒಂದ ತೆಗಿ."

"ಒಂದ ತೆಗೆಯಕ್ಕೆ ಗಾಳಿ ಬುಟ್ರೆ ಎಲ್ಲಾವೂ ಸೀಳ್ತವೆ."

ಮಗ ಲೋಕೇಶ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಿಂದ ಕೆಲಸದ ಖಾಕಿಯಲ್ಲೇ ಬಂದಿದ್ದ. ಮಡಕೆ ತಿರುಗಿಸುವ ತಿಗರಿ ಮುಟ್ಟಿದವನಲ್ಲ. "ಹೋದ್ರೆ ಹೋಗ್ಲಿ ಬುಡವ್ವ," ಎಂದ. "ಮನೆಮನೆಗೂ ಪ್ಲಾಸ್ಟಿಕ್ ಬಿಂದಿಗೆ ಬಂದವೆ. ಅಪ್ಪನೇ ಇಲ್ಲ, ಇನ್ಯಾರು ಮಾರ್ತಾರೆ ಇವನ್ನ?"

"ನಾನು," ಎಂದಳು ಸೋಮಮ್ಮ. ಸರಿಸಿದ ಬೂದಿಯನ್ನು ಮತ್ತೆ ಎಳೆದು ಮುಚ್ಚಿ, ಆವಿಗೆಗೆ ಬೆನ್ನು ಕೊಟ್ಟು ಕೂತಳು.

*

ಮದುವೆಯಾದ ಹೊಸತು. ನರಸಯ್ಯ ಕೆರೆಮಣ್ಣಿಗೆ ಹೋಗಿದ್ದ. ಒಳಗೆ ಏನಾಗಿದೆಯೋ ನೋಡುವ ಆಸೆಗೆ ಸೋಮಮ್ಮ ಬಿಸಿ ಆವಿಗೆಗೆ ಕೋಲು ಹಾಕಿ ಬಾಯಿ ಬಿಡಿಸಿದಳು. ತಣ್ಣನೆಯ ಗಾಳಿ ನುಗ್ಗಿತು. ಟಣ್ ಎಂದಿತು ಒಂದು. ಆಮೇಲೆ ಇನ್ನೊಂದು. ಅವಳು ಓಡಿಹೋಗಿ ಬಾಗಿಲ ಹಿಂದೆ ನಿಂತಳು.

ಮಣ್ಣಿನ ಮಂಕರಿ ಹೊತ್ತು ಬಂದವನು ಅದನ್ನು ಇಳಿಸಿ ಆವಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೈಯಲಿಲ್ಲ. ಸೀಳುವ ಸದ್ದು ಪೂರ್ತಿ ನಿಲ್ಲುವ ತನಕ ಕೇಳಿಸಿಕೊಳ್ಳುತ್ತಲೇ ಇದ್ದ. ಆಮೇಲೆ ಬಾಗಿಲ ಕಡೆ ತಿರುಗಿದ.

"ಕೇಳ್ತಾ? ಆ ಕೊನೇದ್ರ ಸದ್ದು ಚೆನ್ನಾಗಿತ್ತು ಕಣಮ್ಮಿ."

ಮಾರನೆಯ ದಿನ ಗೋವಿಂದನಹಳ್ಳಿ ಗುಡಿಗೆ ಕರೆದುಕೊಂಡು ಹೋದ. ದೇವರಿಗೆ ಕೈ ಮುಗಿಯುವ ಮೊದಲೇ ಅವಳ ಕೈ ಹಿಡಿದು ಕಲ್ಲುಕಂಬದ ಮೇಲಿಟ್ಟ. ನುಣ್ಣನೆಯ ಕಂಬ, ಸುತ್ತಲೂ ಬಳೆ ತೊಡಿಸಿದಂಥ ಗೆರೆಗಳು. "ಇದನ್ನೂ ತಿರುಗಿಸೇ ಮಾಡವ್ರೆ. ಕಲ್ಲ ತಿರುಗಿಸಿದೋನು ಎಷ್ಟು ಕಾದಿರಬೇಕು, ನೋಡು."

ಅಂದಿನಿಂದ ಅವನ ಪ್ರತಿ ಮಡಕೆಯ ಕತ್ತಿಗೂ ಆ ಗೆರೆಗಳು ಬಂದವು. ಸಾವಿನ ಮನೆಗೆ ಹೋಗುವ ಮಡಕೆಗೂ ಅವನ್ನು ತಪ್ಪಿಸಲಿಲ್ಲ. ಒಡೆಯುವ ಮಡಕೆಗೆ ಈ ಸಿಂಗಾರ ಯಾಕೆಂದು ಕರಿಯಪ್ಪ ನಕ್ಕರೆ, "ಅದೊಂದನ್ನ ಯಾರೂ ವಾಪಸ್ ತಂದು ಬೈಯಲ್ಲ ಕಣ್ಲಾ. ಅದ್ಕೇ ನೆಟ್ಟಗಿರಬೇಕು," ಎನ್ನುತ್ತಿದ್ದ.

*

ಬಿಸಿಲು ತೆಂಗಿನ ಮರಗಳ ಹಿಂದಕ್ಕೆ ಇಳಿಯಿತು. ಸೋಮಮ್ಮ ಮತ್ತೆ ಅಂಗೈ ಇಟ್ಟಳು. ಈ ಸಲ ತೆಗೆಯಲಿಲ್ಲ.

"ಈಗ."

ಯಾರಿಗೂ ಮುಟ್ಟಗೊಡದೆ ತಾನೇ ಬಿಡಿಸಿದಳು. ಒಂದೂ ಸೀಳಿರಲಿಲ್ಲ. ಮೇಲಿನ ಮಡಕೆಗಳನ್ನು ಒಂದೊಂದಾಗಿ ಎತ್ತಿ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು.

"ಎಂಗಿದ್ರೂ ಒಡೆಯೋದು ತಾನೆ. ಆ ಸೊಟ್ಟದ್ದ ಕೊಡು," ಎಂದ ಕರಿಯಪ್ಪ.

ಅವಳು ಸೊಟ್ಟದ್ದನ್ನು ಪಕ್ಕಕ್ಕಿಟ್ಟು, ಎಲ್ಲಕ್ಕಿಂತ ಕೆಂಪಗೆ ಬೆಂದದ್ದನ್ನು ಆರಿಸಿ ಲೋಕೇಶನ ಕೈಗಿತ್ತಳು.

"ಬೆಚ್ಚಗದೆ ಕಣವ್ವ."

"ನೀರು ಹುಯ್ಯಿ. ಕುಡ್ಕತದೆ."

ನೀರು ಬಿದ್ದೊಡನೆ ಹೊಸ ಮಣ್ಣು ಸಣ್ಣಗೆ ಸುಯ್ಗುಟ್ಟಿತು. ಲೋಕೇಶನ ಹೆಬ್ಬೆರಳು ಕತ್ತಿನ ಗೆರೆಗಳ ಮೇಲೆ ಸುತ್ತ ಒಮ್ಮೆ ಹೋಗಿ ಬಂತು. ಅವನು ಮಡಕೆಯನ್ನು ಹೆಗಲಿಗೇರಿಸಿಕೊಂಡ.

ತಮಟೆ ಹಿತ್ತಿಲಾಚೆಯ ಹೊಲದ ಕಡೆ ಹೋಯಿತು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ಇರಲಿಲ್ಲ. ಸೋಮಮ್ಮ ಆವಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತಮಟೆ ನಿಂತಿತು. ಅಷ್ಟು ಜನರಲ್ಲಿ ಯಾರ ದನಿಯೂ ಇಲ್ಲದ ಹೊತ್ತಿನಲ್ಲಿ, ಮಡಕೆ ಕಲ್ಲಿಗೆ ಬಿದ್ದ ಸದ್ದು ಬಂತು. ಒಂದೇ ಸದ್ದು, ಖಣ್ಣನೆ.

ಅದು ಪೂರ್ತಿ ನಿಲ್ಲುವ ತನಕ ಕೇಳಿಸಿಕೊಂಡು, ಸೋಮಮ್ಮ ಬೂದಿಯೊಳಗಿಂದ ಮುಂದಿನ ಮಡಕೆಯನ್ನು ಮಡಿಲಿಗೆ ಎತ್ತಿಕೊಂಡು ಗೆಣ್ಣಿನಿಂದ ಬಡಿದಳು.