ಆರನೇ ಕೀಮೋ ಆದ ಮೇಲೆ

ಪಕ್ಕದ ಮನೆಯ ಗಂಗಲಕ್ಷ್ಮಿ ಮೂರನೇ ಸಲ ಹೂವಿನ ದಂಡೆಯನ್ನು ತಿಪ್ಪೇರುದ್ರಮ್ಮನ ತಲೆಗೆ ಮುಡಿಸಲು ನೋಡಿದಳು. ಬೆರಳ ಗೆಣ್ಣಿನಷ್ಟೇ ಚಿಗುರಿದ್ದ ಕೂದಲಲ್ಲಿ ಅದು ನಿಲ್ಲದೆ ಮತ್ತೆ ಮಡಿಲಿಗೆ ಜಾರಿತು. ಹೊರಗೆ ಜಗಲಿಯ ಮೇಲೆ ತಿಪ್ಪೇರುದ್ರಮ್ಮನ ಗಂಡ ಬೊಮ್ಮಲಿಂಗಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣಿಗೆ ಒಯ್ಯುವ ಮುಂಚೆ ಹೆಂಡತಿಗೆ ಕೊನೆಯ ಹೂ ಮುಡಿಸಬೇಕಿತ್ತು.

ದಾರದಲ್ಲಿ ಸುತ್ತಿ ಕಟ್ಟು ಎಂದರು ಯಾರೋ.

"ಬ್ಯಾಡ. ಕೈಯಾಗೆ ಕೊಡು," ಎಂದಳು ತಿಪ್ಪೇರುದ್ರಮ್ಮ.

ಸತ್ತವನ ಅಕ್ಕ ಜೋಗಮ್ಮ ನನ್ನಿವಾಳದಿಂದ ಬೆಳಗಿನ ಬಸ್ಸಿಗೆ ಬಂದವಳು, ಅತ್ತು ಅತ್ತು ಸೋತಿದ್ದಳು. ಯಾರಿಗೆಂದಿಲ್ಲದೆ, "ಹೋಗ್ತಾಳೆ ಅಂದೋಳು ಕುಂತವ್ಳೆ. ಗಟ್ಟಿ ಇದ್ದೋನು ಹೋದ," ಎಂದಳು. ತಿಪ್ಪೇರುದ್ರಮ್ಮನಿಗೆ ಸಿಟ್ಟು ಬರಲಿಲ್ಲ. ಬೆಳಗಿನಿಂದ ಅವಳ ಒಳಗೂ ಅದೇ ಮಾತು ಸುತ್ತುತ್ತಿತ್ತು.

*

ಎರಡು ಸಾವಿರದ ಮೂರರ ಯುಗಾದಿ ಕಳೆದ ವಾರ ಅವಳ ಎದೆಯಲ್ಲಿ ಗಂಟು ಸಿಕ್ಕಿತ್ತು. ಬೆಂಗಳೂರಿನಲ್ಲಿ ಆಪರೇಷನ್, ಆಮೇಲೆ ಮೂರು ವಾರಕ್ಕೊಂದರಂತೆ ಆರು ಕೀಮೋ. ಆರನೆಯದಾದ ಮೇಲೆ ಡಾಕ್ಟರು, ಇನ್ನು ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಎಲ್ಲ ಮುಗಿಯಿತು ಎಂದುಕೊಂಡಿತು ಮೊಳಕಾಲ್ಮೂರಿನ ನೇಕಾರರ ಕೇರಿ.

ಮುಗಿದಿರಲಿಲ್ಲ. ಬಾಯಿ ತುಂಬ ಹುಣ್ಣು, ಅಂಗಾಲಿಗೆ ಜೋಮು. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು. ಮೂವತ್ತು ವರ್ಷ ರೇಷ್ಮೆ ಸೀರೆ ನೇಯ್ದವನು, ಒಲೆಯ ಹತ್ತಿರ ಸುಳಿದವನೇ ಅಲ್ಲ ಬೊಮ್ಮಲಿಂಗಪ್ಪ. ಗಂಗಲಕ್ಷ್ಮಿಯನ್ನು ಕೇಳಿ ಕೇಳಿ ರಾಗಿ ಅಂಬಲಿ ಕಾಯಿಸಲು ಕಲಿತ. ಗಂಟುಗಟ್ಟಿದ್ದನ್ನು ಹಳೇ ಪಂಚೆಯಲ್ಲಿ ಸೋಸಿ, ಆರಿಸಿ, ಗುಟುಕು ಗುಟುಕಾಗಿ ಕುಡಿಸುತ್ತಿದ್ದ. ವಾಂತಿಯಾದರೆ ಬೋಗುಣಿ ತೊಳೆದು ಬಂದು ಮತ್ತೆ ಕುಡಿಸುತ್ತಿದ್ದ. ಲಾಳಿಗೆ ನೂಲು ಸುತ್ತಿಕೊಡುತ್ತಿದ್ದವಳು ಅವಳು. ಈಗ ಅದನ್ನೂ ತಾನೇ ಸುತ್ತಿಕೊಂಡು ಮಗ್ಗದ ಗುಂಡಿಗೆ ಇಳಿಯುತ್ತಿದ್ದ.

ಕಾರ್ತೀಕದ ಒಂದು ಮಧ್ಯಾಹ್ನ ಅವಳು ಲೋಟ ತಳ್ಳಿಬಿಟ್ಟಳು. ಅಂಬಲಿ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

"ಸಾಯಾಕಾದ್ರೂ ಬಿಡ್ರಿ ನನ್ನ."

ಅವನು ಒರೆಸಿಕೊಳ್ಳಲಿಲ್ಲ. "ಅದೊಂದು ಕೇಳ್ಬ್ಯಾಡ. ಬ್ಯಾರೆ ಏನಾರ ಕೇಳು," ಎಂದ.

ಎದ್ದು ಹೊರಟವನು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತ. ಏನಾಯಿತು ಎಂದು ಕೇಳಿದ್ದಕ್ಕೆ ಗ್ಯಾಸು ಎಂದ. ಅವಳು ಮತ್ತೆ ಕೇಳಲಿಲ್ಲ. ಅವಳ ನೋವೇ ಆಗ ಮನೆ ತುಂಬ ಇತ್ತು.

*

ಹೆಣ ಎತ್ತುವ ಹೊತ್ತಿಗೆ, ಬೊಮ್ಮಲಿಂಗಪ್ಪನ ಜೊತೆಗಾರ ನೇಕಾರ ಯರ್ರಪ್ಪ ಒಳಗೆ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ತಿಂಗಳ ಹಿಂದೆ ಅವನನ್ನು ಚಳ್ಳಕೆರೆಯ ಡಾಕ್ಟರಿಗೆ ತೋರಿಸಿಕೊಂಡು ಬಂದವನು ತಾನೇ ಎಂದ. ಹೃದಯದ ತೊಂದರೆ ಐತೆ, ತಡ ಮಾಡದೆ ದಾವಣಗೆರೆಗೆ ಹೋಗಿ ಎಂದಿದ್ದರಂತೆ.

"ಅವಳ ತಪಾಸಣೆ ಆಗ್ಲಿ, ಆಮ್ಯಾಲೆ ನಂದು ಅಂದ. ನಿಮ್ಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ದ, ಅತ್ತಿಗೆ."

ಅವಳ ತಪಾಸಣೆ ನಾಡಿದ್ದು ಗುರುವಾರ ಇತ್ತು.

ತಿಪ್ಪೇರುದ್ರಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. "ನನ್ ಮೈಯೊಳಗಿನ್ದೆಲ್ಲ ನಿಮ್ಗೆ ಗೊತ್ತಿತ್ತು. ನಿಮ್ದು ಒಂದು ಮಾತು ನನಗೆ ಹೇಳ್ಬಾರ್ದಿತ್ತಾ?" ಎಂದಳು. ಹೂವನ್ನು ಗಂಡನ ತೊಡೆಯ ಮೇಲಿಟ್ಟಳು.

ಬರಬೇಡ, ಬಿದ್ದುಬಿಡ್ತೀಯಾ ಎಂದು ಹೆಂಗಸರು ತಡೆದರು. ಅವಳು ಕೇಳಲಿಲ್ಲ. ಗುಡ್ಡದ ಬುಡದವರೆಗೆ ಒಂದು ಮೈಲಿ ನಡೆದಳು. ಎರಡು ಕಡೆ ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡಳು, ಯಾರ ಕೈಯನ್ನೂ ಹಿಡಿಯಲಿಲ್ಲ. ಆಪರೇಷನ್ ಆದ ಕಡೆಯ ಕೈ ಮೇಲೇಳುತ್ತಿರಲಿಲ್ಲ, ಆದರೂ ಅದೇ ಕೈಯಿಂದ ಮೂರು ಹಿಡಿ ಮಣ್ಣು ಹಾಕಿದಳು.

ಹೊತ್ತು ಮುಳುಗುವಾಗ ನೆಂಟರೆಲ್ಲ ಬಸ್ಸು ಹಿಡಿಯಲು ಹೋದರು. ಜೋಗಮ್ಮ ಮಾತ್ರ ಹೋಗಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಗುಳಿಗೆಗಳ ಚೀಲ ತಂದು ತಿಪ್ಪೇರುದ್ರಮ್ಮನ ಮುಂದೆ ಸುರಿದಳು. ಜೋಗಮ್ಮನಿಗೆ ಓದು ಬಾರದು.

"ಸಂಜೆ ಗುಳಿಗೆ ಯಾವ್ದು ಕೊಡ್ತಿದ್ದ, ತೋರ್ಸು," ಎಂದಳು, ದನಿ ತಗ್ಗಿಸಿ.

ತಿಪ್ಪೇರುದ್ರಮ್ಮ ತನ್ನವನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟಳು. ಕೊನೆಗೆ ಅವಳು ಎಂದೂ ಕಾಣದ ಒಂದು ಗುಳಿಗೆ ಪಟ್ಟಿ ಉಳಿಯಿತು.

"ಇದು?"

"ಅವರ್ದು."

ಜೋಗಮ್ಮ ಅದನ್ನು ದೀಪದ ಹತ್ತಿರ ಹಿಡಿದಳು. ಉಬ್ಬಿದ್ದ ಗುಳಿಗೆಗಳ ಮೇಲೆ ಹೆಬ್ಬೆರಳಾಡಿಸುತ್ತ ಒಂದೊಂದನ್ನೇ ಮುಟ್ಟಿ ನೋಡಿದಳು. ಹತ್ತೂ ಇದ್ದವು.